ಒಂದೂವರೆ ಮೀಟರ್

ಒಂದೂವರೆ ಮೀಟರ್ ಅಂದರು ಇಂಜಿನಿಯರು
ಬಿಳಿ ಪರದೆಯ ಮೇಲೆ ಹಸಿರು ಪಟ್ಟಿ ತೋರಿಸಿ.
ಉರ್ವಸ್ಟೋರಿನಿಂದ ಅಶೋಕನಗರದವರೆಗೆ
ಸೈಕಲ್ಲಿಗೇ ಅಂತ ಒಂದು ದಾರಿ.
ನನ್ನ ಲೆಕ್ಕದಲ್ಲಿ ಒಂದೂವರೆ ಮೀಟರ್ ಅಂದರೆ
ಎರಡು ರವಿಕೆ, ತೋಳು ಗಿಡ್ಡ ಇಟ್ಟರೆ.

ಶಾಲೆಯ ಹಾಲಿನಲ್ಲಿ ಫ್ಯಾನು ಎರಡು, ತಿರುಗುವುದು ಒಂದು.
ಅದರ ಕೆಳಗೆ ಮೊದಲೇ ಬಂದು ಕೂತಿದ್ದ
ಬೇಕರಿಯ ಲಿಗೋರಿ ಪೊರ್ಬುಗಳು ಎದ್ದರು:
"ಬ್ರೆಡ್ಡಿಗೆ ಬರುವವರು ಕಾರನ್ನು
ತಲೆ ಮೇಲೆ ಇಟ್ಟುಕೊಂಡು ಬರುವುದಾ ಮಾರಾಯ್ರೆ?"
ರಿಕ್ಷಾ ಪಾರ್ಕಿನ ಐತಪ್ಪಣ್ಣ ಕೂತಲ್ಲಿಂದಲೇ:
"ಈಗ ಸೈಕಲ್ ಬಿಡುವವರು ಯಾರುಂಟು?
ತೋರಿಸಿ ನೋಡುವ, ಒಬ್ಬರನ್ನು."

ಹಿಂದಿನ ಬೆಂಚಿನಲ್ಲಿ ಒಬ್ಬಳು ಹುಡುಗಿ ಕೈ ಎತ್ತಿದಳು.
ಎತ್ತಿಯೇ ಇದ್ದಳು.
ಯಾರೂ ನೋಡಲಿಲ್ಲ. ನಾನು ನೋಡಿದೆ:
ಯೂನಿಫಾರ್ಮು ಕಂಕುಳಲ್ಲಿ ಬಿಗಿ,
ಈ ವರ್ಷವೇ ಬಿಚ್ಚಿ ಬಿಡಬೇಕು.

ಆಮೇಲೆ ಪರದೆಯಲ್ಲಿ ಬಂತು ನನ್ನ ಅಂಗಡಿ.
ಬಾಗಿಲಿಗೆ ತೂಗುಹಾಕಿದ ನೈಟಿ, ಅರ್ಧ ಮಾಸಿದ ಬೋರ್ಡು,
ಮೂರು ಮೆಟ್ಟಿಲಿನ ಸುತ್ತ ಕೆಂಪು ಗೆರೆ.
ಒತ್ತುವರಿ ಎನ್ನುವ ಶಬ್ದ ಅವರು ಹೇಳಲಿಲ್ಲ.
"ಇಲ್ಲೊಂದಿಷ್ಟು ಸರಿ ಮಾಡಬೇಕಾಗ್ತದ್ರಿ" ಅಂದರು,
ದಪ್ಪಗಾಗಿ ಬಂದ ಗಿರಾಕಿಗೆ ನಾನು ಹೇಳುವ ಹಾಗೆ,
ಮುಖ ನೋಡದೆ.

ಬೆಳೆಯುವ ಮಕ್ಕಳ ಅಂಗಿಗೆ
ಎರಡಿಂಚು ಒಳಗೆ ಮಡಚಿ ಹೊಲಿ ಅಂತ
ಬೋಳೂರಿನ ಗಿರಿಜಕ್ಕ ನನಗೆ ಕಲಿಸಿದ್ದರು.
ಈ ರಸ್ತೆ ಹೊಲಿದವರು ಒಳಗೆ ಬಟ್ಟೆ ಬಿಡಲೇ ಇಲ್ಲವೋ,
ಬಿಟ್ಟಿದ್ದರೋ,
ಬಿಟ್ಟ ಆ ಎರಡಿಂಚಿನ ಮೇಲೆಯೇ
ನಾನು ಮೆಟ್ಟಿಲು ಕಟ್ಟಿಸಿಕೊಂಡೆನೋ.

ಹೊರಡುವಾಗ ಮನೆಗೊಂದು, ಅಂಗಡಿಗೊಂದು ಕಾಗದ ಕೊಟ್ಟರು.
ಪರ. ವಿರೋಧ. ಸಲಹೆಗೆ ಎರಡು ಗೆರೆ.
ಸೋಮವಾರ ಕೊನೆಯ ದಿನ.
ಅಳತೆ ಪುಸ್ತಕದಲ್ಲಿ, ಯಾರದೋ ಸೊಂಟ ಮೂವತ್ತಾರರ ಪಕ್ಕ
ಮಡಚಿಟ್ಟೆ.

ಬೆಳಿಗ್ಗೆ ಏಳೂವರೆಗೆ ಪೋಂ ಪೋಂ.
ದಕ್ಕೆಯಿಂದ ತುಳಿದುಕೊಂಡು ಬರುವ ಹಸನಬ್ಬ,
ಕ್ಯಾರಿಯರಿನಲ್ಲಿ ಬೂತಾಯಿ, ಹಿಂದೆ ಎರಡು ಬೆಕ್ಕು.
"ನಿನ್ನೆ ಮೀಟಿಂಗು ಇತ್ತಂತೆ ಟೈಲರಕ್ಕ, ಎಂತದು?"
ಹೇಳಿದೆ. ನಕ್ಕರು.
ನಲವತ್ತು ವರ್ಷವಾಯಿತಂತೆ ಈ ಏರು ಹತ್ತುವುದು.
"ನನಗೂ ಒಂದು ಕಾಗದ ಸಿಗ್ತದಾ?"
ಅವರಿಗೆ ಇಲ್ಲಿ ಮನೆ ಇಲ್ಲ, ಅಂಗಡಿ ಇಲ್ಲ.
ಇರುವುದು ದಾರಿ ಮಾತ್ರ.

ನನ್ನದನ್ನೇ ತೆಗೆದು ಮೆಷಿನಿನ ಮೇಲೆ ಬಿಡಿಸಿದೆ.
"ನೀವೂ ತುಳಿಯುವವರೇ ಅಲ್ವಾ" ಅಂದರು ಪೆಡಲು ನೋಡಿ.
ಹೌದು, ಮೂವತ್ತು ವರ್ಷ,
ಇಲ್ಲಿಂದ ಇಲ್ಲಿಗೇ.
ವಿರೋಧದ ಚೌಕದಲ್ಲಿ ನನ್ನದೊಂದು ಗುರುತು,
ಪರದ ಚೌಕದಲ್ಲಿ ಅವರದು.
ಅವರ ಗುರುತಿಗೆ ಮೀನಿನ ನೀರು ತಾಗಿ ಶಾಯಿ ಹರಡಿತು.
ಸಲಹೆ ಅವರು ಹೇಳಿದರು, ನಾನು ಬರೆದೆ:
ಚರಂಡಿಯ ಚಪ್ಪಡಿ ಕಲ್ಲುಗಳ ನಡುವೆ ಸಂದು ಉಂಟು,
ಮೊದಲು ಅದನ್ನು ಮುಚ್ಚಿ;
ಚಕ್ರ ಸಿಕ್ಕಿ ಬಿದ್ದ ದಿನ
ಇಡೀ ಪೆಟ್ಟಿಗೆ ಬೆಕ್ಕುಗಳ ಪಾಲಾಯಿತು.
ಎರಡು ಗೆರೆ ಅಲ್ಲಿಗೆ ತುಂಬಿತು.

ಅವರು ಹೋದ ಮೇಲೆ ಟೇಪು ಹಿಡಿದು ಕುಕ್ಕರುಗಾಲಿನಲ್ಲಿ ಕೂತೆ.
ಮೆಟ್ಟಿಲು ಅರವತ್ತೆರಡು ಸೆಂಟಿಮೀಟರ್ ಹೊರಗೆ.
ಕೆಳಗಿನದೊಂದು ತೆಗೆದರೆ ಹೆಚ್ಚುಕಡಿಮೆ ಸರಿಹೋಗುತ್ತದೆ.
ಹತ್ತುವವರು ಸ್ವಲ್ಪ ಕಾಲೆತ್ತಿ ಹತ್ತಬೇಕು.
ಕುಸುಮಕ್ಕನಿಗೆ ಮಂಡಿ ನೋವು.
ಅದನ್ನು ಬರೆಯಲಿಕ್ಕೆ ಕಾಗದದಲ್ಲಿ ಜಾಗ ಇರಲಿಲ್ಲ.