ಇರುವೆ ಕಚ್ಚಿದ ಹಾಗೆ

ಹದಿನೆಂಟು ವರ್ಷ ನಾನು ಹೇಳಿದ್ದು ಒಂದೇ ಮಾತು,
ಮೂರು ಭಾಷೆಯಲ್ಲಿ:
ಆ ಕಡೆ ನೋಡಿ. ಇರುವೆ ಕಚ್ಚಿದ ಹಾಗೆ, ಅಷ್ಟೇ.
ಕರ್ವೆ ರಸ್ತೆಯ ಲ್ಯಾಬು, ಬೆಳಗಿನ ಏಳು,
ಖಾಲಿ ಹೊಟ್ಟೆಗಳ ಸಾಲು,
ಬಿಗಿದ ರಬ್ಬರ್ ಪಟ್ಟಿಯ ಕೆಳಗೆ ಮೆಲ್ಲಗೆ ಏಳುವ ನರ.
ನನ್ನ ಸೂಜಿ ತಪ್ಪಿದ್ದೇ ಇಲ್ಲ ಅನ್ನಬಹುದು.

ಈಗ ನಲವತ್ಮೂರಕ್ಕೆ
ಆಪ್ತಸಮಾಲೋಚಕಿಯ ಪರವಾನಗಿ ಪರೀಕ್ಷೆ.
ಪುಸ್ತಕ ಹೇಳುತ್ತದೆ: ಈ ಕಡೆ ನೋಡಿ.
ಪುಟ ನಲವತ್ತು: ಸುಳ್ಳು ಭರವಸೆ ಕೊಡಬಾರದು.
ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡೆ: ಇರುವೆ.

ವಾರ್ಜೆಯ ಒಂದೂವರೆ ಕೋಣೆ.
ಕೆಳಗೆ ಕರಂದೀಕರಬಾಯಿಯ ಟೀವಿ ಆರಿದ ಮೇಲೆ ಓದು.
ಮಗಳು ಶಾಲ್ಮಲಿ ಪ್ರಶ್ನೆ ಕೇಳುತ್ತಾಳೆ,
ಶಾಲೆಯ ಇಂಗ್ಲಿಷಿನಲ್ಲಿ, ನನ್ನ ಇಂಗ್ಲಿಷಿಗೆ ನಗುತ್ತ:
ಮೂವತ್ತೊಂದು. ಒಬ್ಬರು ಹೇಳುತ್ತಾರೆ,
ಮೂರು ವಾರದಿಂದ ನಿದ್ದೆಯಿಲ್ಲ. ನಿಮ್ಮ ಮೊದಲ ಮಾತು?
ಎ, ಎಲ್ಲ ಸರಿಹೋಗುತ್ತದೆ.
ಬಿ, ಮಲಗುವ ಮೊದಲು ಬಿಸಿ ಹಾಲು ಕುಡಿಯಿರಿ.
ಸಿ, ಅದೇನು ದೊಡ್ಡದು, ನನಗೂ ಇಲ್ಲ.
ಡಿ, ಆ ಮೂರು ವಾರದ ಬಗ್ಗೆ ಹೇಳಿ.

ಡಿ ಎಂದು ಗೊತ್ತು.
ಆದರೂ ಬೆರಳು ಹೋಗಿ ಬಿ ಮೇಲೆ ಕೂರುತ್ತದೆ.
ಬಿಸಿ ಹಾಲು ನಮ್ಮ ಮನೆದೇವರು.
‘ಮಮ್ಮೀ, ಅದು ನೀನು. ಕೌನ್ಸೆಲರ್ ಅಲ್ಲ.’

ಆಂಗ್ಸೈಟಿ ಎಂಬ ಪದವನ್ನು ಬಾಯಿಪಾಠ ಮಾಡಿದ್ದೇನೆ.
ಅದರೊಳಗೆ ಜೀವ ಹಾರುವುದು, ಹೊಟ್ಟೆ ಕಲಸುವುದು,
ಎದೆ ಧಸಕ್ಕೆನ್ನುವುದು
ಸ್ವಾರಗೇಟಿನ ಬಸ್ಸಿನಲ್ಲಿ ನಿಂತವರ ಹಾಗೆ ನೂಕಾಡುತ್ತವೆ.
ಪರೀಕ್ಷೆಗೆ ಬೇಕಾದದ್ದು ಬಸ್ಸಿನ ನಂಬರು ಮಾತ್ರ.

ಗುರುವಾರ ರಾತ್ರಿ ಮಾದರಿ ಪರೀಕ್ಷೆ, ತೊಂಬತ್ತು ನಿಮಿಷ,
ಫೋನಿನಲ್ಲಿ ಗಡಿಯಾರ ಓಡುತ್ತಿತ್ತು.
ಕಸ ಇಟ್ಟು ಬರೋಣ ಎಂದು ಇಳಿದೆ.
ಎದುರಿನ ಅರ್ಧ ಕಟ್ಟಿದ ಕಟ್ಟಡದ ಹುಸೇನಮ್ಮ
ನಮ್ಮ ನಲ್ಲಿಗೆ ಕ್ಯಾನ್ ಹಿಡಿದಿದ್ದಳು.
ನನ್ನದು ಕಾರವಾರದ ಕನ್ನಡ, ಅವಳದು ಸುರಪುರದ್ದು,
ನಡುವೆ ಪುಣೆಯ ನೀರು.
‘ಅಕ್ಕಾ, ನೀ ರಕ್ತ ತೆಗಿಯಾಕಿ ಅಲ್ಲೇನು?
ಎದಿ ಮ್ಯಾಲ ಯಾರೋ ಕುಂತಂಗ ಆಗ್ತದ.
ಇದು ರಕ್ತದಾಗ ಬರ್ತದೇನು?’

ಎಷ್ಟು ಕೊಳವೆ ತುಂಬಿದ್ದೇನೆ,
ನೇರಳೆ ಮುಚ್ಚಳ, ಹಳದಿ ಮುಚ್ಚಳ,
ಯಾರೂ ಇದನ್ನು ಕೇಳಿರಲಿಲ್ಲ.
ಬರಲ್ಲ, ಅಂದೆ.
ಹಾಲು ಅನ್ನಲು ಬಾಯಿ ತೆರೆದೆ;
ಅವಳ ತಗಡಿನ ಶೆಡ್ಡಿನಲ್ಲಿ ಹಾಲೆಲ್ಲಿ?
ಖಾಲಿ ಕ್ಯಾನೊಂದನ್ನು ಬೋರಲು ಹಾಕಿ ಕೂತೆ.
‘ಯಾವಾಗಿಂದ ಕೂತಿದೆ?’

ಆಮೇಲೆ ಅವಳು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ.
ಪುಟ ಹನ್ನೆರಡು: ಗೌಪ್ಯತೆ.
ಇಷ್ಟು ಹೇಳಬಹುದು, ಕ್ಯಾನ್ ತುಂಬಿ ಹರಿಯಿತು,
ಕರಂದೀಕರಬಾಯಿ ಕಿಟಕಿಯಿಂದ ಮರಾಠಿಯಲ್ಲಿ ಬೈದರು,
ಇಬ್ಬರಿಗೂ ನಲ್ಲಿ ನಿಲ್ಲಿಸಬೇಕೆಂದು ಹೊಳೆಯಲಿಲ್ಲ.

ಮೇಲೆ ಬಂದರೆ ಪರೀಕ್ಷೆ ಮುಗಿದಿತ್ತು:
ನೂರಕ್ಕೆ ಇಪ್ಪತ್ತಾರು.

ಮರುದಿನ ಲ್ಯಾಬಿನಲ್ಲಿ ಒಬ್ಬ ಮುದುಕರಿಗೆ ಹೇಳಿದೆ,
ನೋಯುತ್ತದೆ ಕಾಕಾ, ಸ್ವಲ್ಪ.
ಅವರು ಆ ಕಡೆ ನೋಡಲಿಲ್ಲ, ನನ್ನನ್ನೇ ನೋಡಿದರು.
ಕೈ ನಡುಗಿತು. ಎರಡು ಸಲ ಚುಚ್ಚಬೇಕಾಯಿತು.
ಪುಸ್ತಕದಲ್ಲಿ ಇದಕ್ಕೆ ಪುಟವಿಲ್ಲ.

ಶನಿವಾರ. ನಾಳೆ ಹಡಪ್ಸರ, ಎರಡು ಬಸ್ಸು,
ಒಂಬತ್ತರ ನಂತರ ಒಳಗೆ ಬಿಡುವುದಿಲ್ಲ.
ಪೆನ್ನು, ಆಧಾರ್ ಕಾರ್ಡು, ನೀರಿನ ಬಾಟಲಿಯ ಲೇಬಲ್ ಕಿತ್ತು
ದೀಪ ಆರಿಸಿದೆ.
ಗೋಡೆಗೆ ಮುಖ ಮಾಡಿ ಮಲಗಿದ್ದ ಶಾಲ್ಮಲಿ
ಗೋಡೆಗೇ ಹೇಳಿದಳು:
‘ನಂಗೂ ನಿದ್ದೆ ಬರ್ತಿಲ್ಲ ಮಮ್ಮಿ. ಬಹಳ ದಿನ ಆಯ್ತು.’

ಒಲೆಯ ಕಡೆ ಹೊರಟ ಕಾಲನ್ನು
ಅರ್ಧ ದಾರಿಯಲ್ಲಿ ತಡೆದೆ.
ಕತ್ತಲಲ್ಲೇ ಅವಳ ಪಕ್ಕ ಕೂತೆ.
ಆ ಬಹಳ ದಿನದ ಬಗ್ಗೆ ಹೇಳು.

ಒಂದೂವರೆಗೆ ಹಾಲನ್ನೂ ಕಾಯಿಸಿದೆ.
ಅಂಕ ಕಳೆಯುವವರು ಕಳೆಯಲಿ.
ಕೆನೆ ತೆಗಿ, ಅಂದಳು.
ತೆಗೆದೆ.