ಮೇಲೆದ್ದ ಳ

ಮೈಸೂರು ಕೋರ್ಟಿನೆದುರು ಮರದಡಿ ನನ್ನ ಮೇಜು.
ಇಪ್ಪತ್ತೆರಡು ವರ್ಷ.
ಕ್ರಯಪತ್ರ, ಅಫಿಡವಿಟ್ಟು, ಜೀವನಾಂಶದ ಅರ್ಜಿ,
ಸತ್ತವರ ಹೆಸರು ಖಾತೆಯಿಂದ ತೆಗೆಸುವ ಅರ್ಜಿ.
ಯಾರ ಗೋಳೂ ನನ್ನದಲ್ಲ, ಪುಟಕ್ಕೆ ಮೂರು ರೂಪಾಯಿ.

ಮೆಷಿನ್ನಿನ ಒಂದಕ್ಷರ ಮಾತ್ರ ಸಾಲಿಗೆ ನಿಲ್ಲುವುದಿಲ್ಲ:
ಳ.
ಎಳ್ಳುಕಾಳಿನಷ್ಟು ಮೇಲೆದ್ದು ಕೂರುತ್ತದೆ,
ಮದುವೆ ಫೋಟೋದ ಹಿಂದಿನ ಸಾಲಲ್ಲಿ
ಹಿಮ್ಮಡಿ ಎತ್ತಿ ನಿಂತ ಹುಡುಗನ ಹಾಗೆ.

ಅವನು ಬಂದದ್ದು ಒಂದು ಶನಿವಾರ.
ಮಂಡ್ಯದ ಕಡೆಯವನು, ಬಾಯಿ ಬಿಟ್ಟ ಕೂಡಲೆ ಗೊತ್ತಾಯಿತು.
"ಬೆಸುಗೆ ಕೆಲ್ಸ ಕನಕ್ಕ.
ನಮ್ಮಪ್ಪ ನೇಗಿಲ ಗುಳ ತಟ್ತಿದ್ದ,
ನಾನು ಅಣುಸ್ಥಾವರದ ಕೊಳವೆ ಬೆಸಿತೀನಿ.
ಗುಳ ಮುರುದ್ರೆ ಒಂದು ಸಾಲು ಹಾಳು.
ಇದು ಬಿರುದ್ರೆ..."
ಮುಂದೆ ಹೇಳದೆ ಮರ ನೋಡಿದ.

ಚೀಲದಿಂದ ಮಗಳ ಲೆಕ್ಕದ ಪುಸ್ತಕ ತೆಗೆದ.
ಕೊನೆಯ ಹಾಳೆಗಳು ಅವನವು.
ಓದಿದ, ನಾನು ಕುಟ್ಟಿದೆ:

ಒಂದೇ ಎಕ್ಸ್‌ರೇ ಫಿಲ್ಮು ಒಂಬತ್ತು ಕೀಲುಗಳ ಹೆಸರಿನಲ್ಲಿ ಪಾಸಾಗಿದೆ.
ಹದಿನೇಳನೇ ಕೀಲಿನಲ್ಲಿ ಬಿರುಕಿದೆ.
ಅದು ಬೆರಳಿಗೆ ಸಿಗುವುದಿಲ್ಲ, ನೀರಿಗೆ ಸಿಕ್ಕಿದೆ.
ರಾತ್ರಿ ಪಾಳಿಯಲ್ಲಿ ತೊಟ್ಟಿಕ್ಕಿತು.
ಗುತ್ತಿಗೆ ಆಳುಗಳಿಗೆ ಗೋಣಿ ಕೊಟ್ಟು ಒರೆಸಿಸಿದರು.
ಒಳಹೋಗುವ ಮುನ್ನ ಎದೆಯ ಬಿಲ್ಲೆ ಬಿಚ್ಚಿಸಿ
ಮೊಳೆಗೆ ತೂಗುಹಾಕಿಸಿದರು.
ಬಿಲ್ಲೆಗಳು ಆರೋಗ್ಯವಾಗಿವೆ.

ಕೊನೇ ಸಾಲು ಬೇಕಾ? ಕೇಳಿದೆ.
"ಹಾಕಿ. ಅದೊಂದೇ ಅವ್ರೂ ಒಪ್ಪೋ ಮಾತು."

ಐದು ಪ್ರತಿ, ನಾಲ್ಕು ಕಾರ್ಬನ್ನು. ಕೆಳಗೆ ಹೆಸರು ಬೇಡವೆಂದ.
ಕೈಬರಹ ಗುರುತು ಹಿಡೀತಾರೆ,
ಅದಕ್ಕೇ ಇಲ್ಲೀಗಂಟ ಬಂದೆ ಅಂದ.
ನಾನೂ ಯೋಚಿಸಲಿಲ್ಲ.

ಮೂರು ತಿಂಗಳು ಬಿಟ್ಟು ಇಬ್ಬರು ಬಂದರು.
ಇಸ್ತ್ರಿ ಶರ್ಟು, ನಯವಾದ ಮಾತು.
ಒಂದು ಬಾಡಿಗೆ ಕರಾರು ಟೈಪು ಮಾಡಿಸಿದರು;
ಮನೆಯೂ ಇಲ್ಲ ಬಾಡಿಗೆಯೂ ಇಲ್ಲವೆಂದು
ಹಾಳೆಯನ್ನು ಬೆಳಕಿಗೆ ಹಿಡಿದಾಗ ತಿಳಿಯಿತು.
"ನಿಮ್ಮ ಳ ಚೆನ್ನಾಗಿ ಏಳುತ್ತೆ ಮೇಡಂ"
ಎಂದು ಒಬ್ಬ ನಕ್ಕ.

ಹೆಸರು ಹೇಳಲಿಲ್ಲ ನಾನು.
ಗೊತ್ತಿದ್ದರಲ್ಲವೆ ಹೇಳುವುದು.
ಮಂಡ್ಯದ ಕಡೆಯ ಮಾತು ಅಂದೆ. ಬೆಸುಗೆಯವನು ಅಂದೆ.
ಅಷ್ಟೇ ಅಂದೆ.

ಆ ರಾತ್ರಿ ಸ್ವಿಚ್ಚು ಒತ್ತಿದೆ, ದೀಪ ಹತ್ತಿತು,
ಎಂದಿನ ಹಾಗೆಯೇ.
ಎಲ್ಲಿಂದ ಬರುತ್ತದೆ ಇದು, ಎಷ್ಟು ಕೀಲು ದಾಟಿ?
ಮತ್ತೆ ಆರಿಸಿ
ಕತ್ತಲಲ್ಲೇ ಉಂಡೆ.
ಮಾರನೆಯ ದಿನದಿಂದ ಅದೂ ಇಲ್ಲ.

ಹೆಸರು ಹೊನ್ನಾಚಾರಿಯಂತೆ.
ಅವನ ಹೆಂಡತಿ ಬಂದಾಗ ತಿಳಿದದ್ದು.
ಎರಡು ಕಟ್ಟು ಬೆಸುಗೆ ಕಡ್ಡಿ ಕದ್ದನೆಂದು ಕೆಲಸದಿಂದ ತೆಗೆದಿದ್ದಾರೆ,
ಗುಟ್ಟು ಹೊರಹಾಕಿದನೆಂದು ಇನ್ನೊಂದು ಕೇಸು.
ಊರಲ್ಲಿ ಕಳ್ಳನ ಮನೆ ಅಂತಾರೆ,
ಕುಲುಮೆಗೆ ಯಾರೂ ಕುಡುಗೋಲೂ ತರುವುದಿಲ್ಲ.
ಹದಿನೇಳನೇ ಕೀಲು?
ಅವಳು ಆ ಲೆಕ್ಕ ಕೇಳಿಯೇ ಇರಲಿಲ್ಲ.

ಜಾಮೀನಿನ ಅರ್ಜಿ, ಎರಡು ಪುಟ.
ದುಡ್ಡು ಬೇಡವೆಂದೆ ಅಂತ ಬರೆದರೆ ಒಳ್ಳೆಯವಳಾಗುತ್ತೇನೆ.
ತೆಗೆದುಕೊಂಡೆ.
ನನ್ನ ಮೆಷಿನ್ನೇ ಅಂತ
ಅವಳಿಗೆ ಹೇಳಲೂ ಇಲ್ಲ.

ಹಾಳೆ ಸುತ್ತಿ ನೇರ ಮಾಡಿ
ಅರ್ಜಿದಾರಳ ಹೆಸರು ಕೇಳಿದೆ.

"ಕಾಳಮ್ಮ."

ಕಾ ಬಿತ್ತು.
ಬೆರಳು ಮುಂದಿನ ಕೀಲಿಯ ಮೇಲೆ ನಿಂತಿತು.