ಇಬ್ಬರ ಕೆಲಸ

ಕೈಪಿಡಿಯ ಆರನೇ ಅಧ್ಯಾಯ,
ಯಾರದೋ ಮಸಿ ಹೆಬ್ಬೆಟ್ಟಿನ ಕೆಳಗೆ ಒಂದು ಸಾಲು:
ಈ ಕೆಲಸ ಒಬ್ಬರೇ ಮಾಡಕೂಡದು.

ಉಳಿದದ್ದೆಲ್ಲ ಒಬ್ಬಳೇ ಮಾಡಿ ಮುಗಿಸಿದ್ದೆ.
ಮೊದಲು ಬ್ಯಾಟರಿಯ ಋಣ ಕಳಚಿದೆ, ಆಮೇಲೆ ಧನ.
ಕ್ರಮ ತಪ್ಪಿದರೆ ಸ್ಪ್ಯಾನರು ಕಿಡಿ ಉಗುಳುತ್ತದೆ.
ಬಾನೆಟ್ಟಿನ ತಿರುಗಣಿಗೆ ಪೆನ್ಸಿಲ್ ಗೆರೆ ಎಳೆದು, ಬಿಚ್ಚಿ,
ಒಳಗೆ ಒಯ್ದು ಹಾಸಿಗೆಯ ಮೇಲೆ ಮಲಗಿಸಿ ಬಂದೆ.
ರೇಡಿಯೇಟರಿನ ಹಸಿರು ನೀರು ಬಕೆಟ್ಟಿಗಿಳಿಸಿ
ಮುಚ್ಚಳ ಬಿಗಿದೆ. ಸಿಹಿ ಅದು, ಬೆಕ್ಕಿಗೆ ವಿಷ.
ಪಕ್ಕದ ಮನೆಯವನ ಬೆಕ್ಕು ಇತ್ತ ಸುಳಿಯುತ್ತದೆ,
ಅದರ ಮೇಲೆ ನನಗೆ ಯಾವ ಹಗೆಯೂ ಇಲ್ಲ.

ಬೋಲ್ಟುಗಳು ಮೊಟ್ಟೆಯ ತಟ್ಟೆಯಲ್ಲಿ, ಗುಂಡಿಗೊಂದು.
ತಂತಿಗಳಿಗೆಲ್ಲ ಬಿಳಿ ಟೇಪಿನ ಹೆಸರು:
ಡೈನಮೊ, ಸ್ಟಾರ್ಟರು, ಕಾಯಿಲು, ಗೊತ್ತಿಲ್ಲ.
ಪೆಟ್ರೋಲ್ ಕೊಳವೆಯ ಬಾಯಿಗೆ ಪೆನ್ಸಿಲ್ ತುಂಡು ತುರುಕಿ
ಹೀಟರು ಆರಿಸಿ, ಬಾಗಿಲು ಹಾರು ಹೊಡೆದೆ.
ಟಿಮರೂವಿನ ಜುಲೈ, ಸಮುದ್ರದ ಕಡೆಯ ಗಾಳಿ
ನೇರ ಬಂದು ಬೆರಳ ಸಂದಿಯಲ್ಲಿ ಕೂತಿತು.

ಕ್ರೇನು ಬಾಡಿಗೆಯದು, ಭಾನುವಾರ ಐದರವರೆಗೆ.
ಹಿಲ್ಮನ್ ಹಂಟರು ನನಗಿಂತ ಎರಡು ವರ್ಷ ಕಿರಿದು.
ಎಂಜಿನ್ನಿನ ತೂಕ ಇಬ್ಬರು ದಪ್ಪ ಗಂಡಸರಷ್ಟು.
ಸರಪಳಿ ಬಿಗಿದು, ಹಿಡಿ ಒತ್ತಲು ಹೋಗಿ, ನಿಂತೆ.
ತೂಗುವ ಅದನ್ನು ಓಲಾಡದಂತೆ ಹಿಡಿಯುವವರಾರು?

ಅಲಿಸ್ಟರ್ ಮೆಕ್‌ಕ್ರೋನ್. ಬೇರೆ ಯಾರೂ ಇಲ್ಲ.
ಏಳು ವರ್ಷದ ಹಿಂದೆ ಅವನ ಮ್ಯಾಕ್ರೊಕಾರ್ಪ ಬೇಲಿ
ನನ್ನ ಬಟ್ಟೆ ಒಣಹಾಕುವ ಹಗ್ಗದ ಬಿಸಿಲು ನುಂಗಿತು.
ನಾನು ಕೌನ್ಸಿಲಿಗೆ ಬರೆದೆ. ಅವನು ಕಡಿದ,
ಕಡಿದು ಕೊಂಬೆಗಳನ್ನೆಲ್ಲ ನನ್ನ ಗೇಟಿಗೊರಗಿಸಿದ.
ಅಂದಿನಿಂದ ಎದುರಾದರೆ ಇಬ್ಬರೂ
ಮೋಡ ನೋಡುತ್ತ ದಾಟುತ್ತೇವೆ, ಮೋಡವಿಲ್ಲದ ದಿನವೂ.

ಬಾಗಿಲು ತಟ್ಟಿದೆ. ಚಪ್ಪಲಿಯಲ್ಲಿ ಬಂದ.
ಎಂಜಿನ್ ಎತ್ತಬೇಕು, ಎಂದೆ.
ನನ್ನ ಮುಖ ನೋಡಲಿಲ್ಲ, ತನ್ನ ಕಾಲು ನೋಡಿಕೊಂಡ.
ಒಳಗೆ ಹೋಗಿ, ಮಾಂಸದ ಕಾರ್ಖಾನೆಯ ಕಾಲದ
ಉಕ್ಕಿನ ಮೂತಿಯ ಬೂಟು ಹಾಕಿ ಬಂದ.

ಮೂವತ್ತು ವರ್ಷ ಕೊಕ್ಕೆಗೆ ಕುರಿ ತೂಗಹಾಕಿದ ಕೈ ಅದು.
ಸರಪಳಿಯ ಒಂದೊಂದು ಕೊಂಡಿಯನ್ನೂ ಉಗುರಿನಿಂದ ಕೆರೆದ.
ಗೇರ್‌ಬಾಕ್ಸಿನ ಕೆಳಗೆ ಜಾಕು, ಜಾಕಿನ ಮೇಲೆ ಮರದ ತುಂಡು.
ನಾನು ಹಿಡಿ ಒತ್ತಿದೆ. ಅದು ಮುಲುಗಿತು, ಕಾರಲ್ಲ, ಕ್ರೇನು.
ಒಂದು ಗೇಣು ಎದ್ದ ಎಂಜಿನ್ನು
ಬರಲೊಲ್ಲದ ಕರುವಿನಂತೆ ಕತ್ತು ಓರೆ ಮಾಡಿತು.
ನಾನು ಬಗ್ಗಿ ಕೈ ಹಾಕಿದೆ.

"ಕೆಳಗೆ ಕೈ ಇಡಬೇಡ!"

ಏಳು ವರ್ಷಕ್ಕೆ ಮೊದಲ ಮಾತು.
ಕೂಗಿದ್ದಕ್ಕೆ ಅವನಿಗೇ ನಾಚಿಕೆಯಾಯಿತೇನೋ,
ಕೆಮ್ಮಿದ. ಇಳಿಸು, ಎಂದ, ಮೆಲ್ಲಗೆ. ಇಳಿಸಿದೆ.
ಟಾರ್ಚು ಹಲ್ಲಿನಲ್ಲಿ ಕಚ್ಚಿ ಹಿಂಬದಿಗೆ ಇಣುಕಿ
ಬೆರಳು ತೋರಿದ: ಜಡೆ ಹೆಣೆದ ತಾಮ್ರದ ಪಟ್ಟಿ,
ಎಂಜಿನ್ನಿನಿಂದ ಮೈಗೆ, ಎಣ್ಣೆಗಪ್ಪಾಗಿ, ಕಾಣದ ಹಾಗೆ.
ಬ್ಯಾಟರಿಯ ಋಣ ಬಿಚ್ಚಿದ್ದೆ, ನಿಜ.
ಋಣದ ಇನ್ನೊಂದು ತುದಿ ಇಲ್ಲಿತ್ತು.

ಹದಿಮೂರರ ಸ್ಪ್ಯಾನರು, ನಾಲ್ಕು ಸುತ್ತು.
ಆಮೇಲೆ ಅದು ಸುಮ್ಮನೆ ಬಂತು,
ಅವನ ಎರಡೂ ಅಂಗೈ ಅದರ ಪಕ್ಕೆಗೆ,
ಅಡಿಯಲ್ಲಿ ಯಾರ ಕಾಲೂ ಇಲ್ಲ.
ಹಳೆಯ ಟೈರಿನ ಮೇಲೆ ಕೂರಿಸಿದೆವು.
ಕಾರಿನ ಹೊಟ್ಟೆಯೊಳಗಿಂದ ನೆಲ ಕಂಡಿತು,
ನೆಲದ ಮೇಲೆ ಒಂದು ಪುಟ್ಟ ನಟ್ಟು, ಯಾವುದರದೋ.

ಚಹಾ ಬೇಕಾ ಅನ್ನುವಷ್ಟರಲ್ಲಿ
ಅವನು ತಂತಿಗಳ ಮೇಲೆ ಬಗ್ಗಿದ್ದ.
ಗೊತ್ತಿಲ್ಲ ಎಂದಿದ್ದ ಟೇಪನ್ನು ಬೆಳಕಿಗೆ ಹಿಡಿದು,
ನನ್ನ ಪೆನ್ನು ಕೇಳದೆ ತೆಗೆದುಕೊಂಡು,
ಹೊಡೆದುಹಾಕಿ, ದಪ್ಪ ಅಕ್ಷರದಲ್ಲಿ ಬರೆದ: ಹಾರನ್.
ಬರುತ್ತೇನೆ ಅನ್ನದೆ ಹೋದ.

ಟಾರ್ಚು ಬೆಂಚಿನ ಮೇಲೇ ಉಳಿಯಿತು, ಉರಿಯುತ್ತ.